ಮಿನಿಟ್ಸ್ ಪುಸ್ತಕದಲ್ಲಿ ನಮ್ಮ ಮಾವ

ನಮ್ಮ ಕಾಲೇಜಿನಲ್ಲಿ ಪರಿಸರ ಸಲಹಾ ಮಂಡಳಿ ಹುಟ್ಟಿದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ, ತಪಾಸಣೆಯ ಭಯದಿಂದ. ಯೂನಿವರ್ಸಿಟಿಯಿಂದ ತಂಡವೊಂದು ಬರುವುದಿತ್ತು. ಅವರು ಮುಂಚಿತವಾಗಿ ಕಳಿಸಿದ ಪಟ್ಟಿಯಲ್ಲಿ ಇಂಥದೊಂದು ಮಂಡಳಿ ಇದೆಯೇ ಎಂಬ ಪ್ರಶ್ನೆಯಿತ್ತು. ಪ್ರಿನ್ಸಿಪಾಲರು ಒಂದೇ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಡುವುದರೊಳಗೆ, ಇದೆ ಎನ್ನುವಂತೆ ಮಾಡಿಬಿಟ್ಟರು. ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿದರು. ನನ್ನ ಅರ್ಹತೆ ಇಷ್ಟೇ: ತಮಿಳು ಬರೆಯಬಲ್ಲೆ, ಕನ್ನಡ ಮಾತಾಡಬಲ್ಲೆ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲವಾದ್ದರಿಂದ ಯಾವುದಕ್ಕೂ ಆಗುವುದಿಲ್ಲ ಎನ್ನಲಾರೆ.

ಇದು ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ತಮಿಳುನಾಡಿಗೆ ಸೇರಿದರೂ ಮನೆಮಾತು ಕನ್ನಡವಾಗಿರುವ ತಾಳವಾಡಿಯಿಂದ ಜೀರಹಳ್ಳಿ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ, ಕಲ್ಲುಭೂಮಿಯ ಇಳಿಜಾರಿನಲ್ಲಿತ್ತು ಆ ಖಾಸಗಿ ಕಾಲೇಜು. ನಾನು ಗೆಟ್ಟವಾಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಚರಿತ್ರೆ ಪಾಠ ಮಾಡುತ್ತಿದ್ದೆ. ಪ್ರಿನ್ಸಿಪಾಲರು ಘಾಟಿಯ ಕೆಳಗಿನವರು, ಕನ್ನಡ ಬಾರದು. ಕೆಟ್ಟವರಲ್ಲ, ಆದರೆ ಯಾವ ಕೆಲಸವನ್ನೂ ಅದರ ಫೋಟೋ ಹೇಗೆ ಬರುತ್ತದೆ ಎಂದು ಯೋಚಿಸಿಯೇ ಶುರು ಮಾಡುತ್ತಿದ್ದರು.

ಮಂಡಳಿಗೆ ಅಕ್ಕಪಕ್ಕದ ಊರಿನ ರೈತನೊಬ್ಬ ಬೇಕು ಎಂದಾಗ ಹೆಸರು ಕೊಟ್ಟವನು ನಾನೇ. ಅವರು ತಾಯಿಯ ಕಡೆಯಿಂದ ನನಗೆ ಮಾವನಾಗಬೇಕು. ಅವರ ಹೊಲ ಕಾಲೇಜಿನ ಕೆಳಗಿನ ಬೇಲಿಗೆ ಅಂಟಿಕೊಂಡಂತೆಯೇ ಇತ್ತು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಹೊಲ ಸುತ್ತಿಸಿದ ಮನುಷ್ಯ. ನಾನು ಲೆಕ್ಚರರ್ ಆದ ಮೇಲೂ ಬಾರ್ಲಾ, ಹೋಗ್ಲಾ ಎಂದೇ ಕರೆಯುತ್ತಿದ್ದರು. ಮಂಡಳಿಗೆ ಸೇರಿ ಎಂದಾಗ ನಕ್ಕು, ಒಗೆದ ಅಂಗಿ ಹಾಕಿಕೊಂಡು ಬಂದರು.

ಮೊದಲ ಒಂದಷ್ಟು ತಿಂಗಳು ನಾವು ಮಾಡಿದ್ದೆಲ್ಲ ಫೋಟೋಗೆ ಒದಗುವ ಕೆಲಸಗಳೇ. ಕ್ಯಾಂಟೀನಿನಲ್ಲಿ ಪ್ಲಾಸ್ಟಿಕ್ ಲೋಟ ಹೋಗಿ ಸ್ಟೀಲ್ ಲೋಟ ಬಂತು. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಎಂದು ಎರಡು ಬಣ್ಣದ ಡಬ್ಬ ಇಟ್ಟೆವು. ಗುಡಿಸುವಾಕೆ ಸಂಜೆ ಎರಡನ್ನೂ ಒಂದೇ ಗುಂಡಿಗೆ ಸುರಿದು ಬೆಂಕಿ ಹಚ್ಚುತ್ತಿದ್ದಳು. ಬೇರೆ ಗುಂಡಿ ತೋಡಿಸಿಕೊಟ್ಟವರು ಯಾರೂ ಇರಲಿಲ್ಲ, ಆಕೆಯದೇನು ತಪ್ಪು? ಹೋದ ವರ್ಷ ಸಸಿ ಸತ್ತ ಗುಂಡಿಗಳಲ್ಲೇ ಈ ವರ್ಷ ಹೊಸ ಸಸಿ ನೆಟ್ಟೆವು.

ಹೊಂಡದ ಮಾತು ಬಂದಾಗ ಮಾತ್ರ ನನಗೆ ನಿಜವಾಗಿ ಹುರುಪು ಬಂತು. ಇಳಿಜಾರಿನ ಕೊನೆಯಲ್ಲಿ, ಕೆಳಗಿನ ಬೇಲಿಯ ಹತ್ತಿರ, ಮಳೆನೀರು ನಿಲ್ಲಲು ದೊಡ್ಡ ಹೊಂಡ ತೋಡಿಸುವುದು, ಕಾಲೇಜಿನ ಬೋರಿಗೆ ನೀರು ಇಂಗುತ್ತದೆ ಎಂಬುದು ಯೋಜನೆ. ಬೇಸಿಗೆಯಲ್ಲಿ ಹಾಸ್ಟೆಲಿನ ಮಕ್ಕಳು ಬಕೆಟ್ ಹಿಡಿದು ಸಾಲು ನಿಲ್ಲುವುದನ್ನು ಕಂಡಿದ್ದೆ. ಈ ಮಂಡಳಿ ಜನ್ಮವೆತ್ತಿದ್ದಕ್ಕೆ ಇದೊಂದಾದರೂ ಆಗಲಿ ಎಂದು ಆಸೆಪಟ್ಟೆ.

ಬೇಡ ಎಂದವರು ಮಾವ ಒಬ್ಬರೇ. ಸಂತೆಯಲ್ಲಿ ಕಲಿತ ತಮಿಳಿನಲ್ಲಿ, ಎದ್ದು ನಿಂತು ಹೇಳಿದರು. ಕಾಡಿನಿಂದ ಬರುವ ಆನೆಗಳು ಈಗ ಹಳ್ಳದಲ್ಲಿ ನೀರು ಕುಡಿದು ಹಾಗೇ ವಾಪಸು ಹೋಗುತ್ತಿವೆ, ಇಲ್ಲಿ ನೀರು ನಿಲ್ಲಿಸಿದರೆ ಊರಿನ ಹೊಲಗಳ ಮೇಲೇ ಅವಕ್ಕೆ ದಾರಿಯಾಗುತ್ತದೆ, ಮೊದಲ ಹೊಲ ತಮ್ಮದು, ಆಮೇಲೆ ಮಿಕ್ಕವರದು. ಹೊಂಡ ಬೇಕೇ ಬೇಕು ಎಂದರೆ ಮೇಲುಗಡೆ, ಕಟ್ಟಡಗಳ ಪಕ್ಕ, ಚಿಕ್ಕದಾಗಿ ಮಾಡಿ ಎಂದರು. ಪ್ರಿನ್ಸಿಪಾಲರು ತಲೆಯಾಡಿಸುತ್ತಾ ಕೇಳಿ, ಬಹಳ ಒಳ್ಳೆಯ ಸಲಹೆ ಎಂದರು. ಎಲ್ಲರೂ ಟೀ ಕುಡಿದೆವು.

ಮಾವ ಹೋದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕೂರಿಸಿಕೊಂಡರು. ತಪಾಸಣೆಯವರು ಮಿನಿಟ್ಸ್ ಪುಸ್ತಕ ಓದುತ್ತಾರೆ, ಅದರಲ್ಲಿ ತಕರಾರು ಕಂಡರೆ ಇಲ್ಲದ ಪ್ರಶ್ನೆ ಏಳುತ್ತದೆ, ಮೇಲುಗಡೆ ಬಂಡೆ, ಅಲ್ಲಿ ತೋಡಲು ಆಗುವುದಿಲ್ಲ, ಸ್ವಲ್ಪ ಪಾಸಿಟಿವ್ ಆಗಿ ಬರೆಯಿರಿ ಎಂದರು. ನನ್ನ ಕೆಲಸ ಕಾಯಂ ಆಗುವ ವಿಚಾರವನ್ನು ಅವರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ನಾನು ತಮಿಳಿನಲ್ಲಿ ಬರೆದೆ: ರೈತ ಸದಸ್ಯರು ಹೊಂಡದ ಯೋಜನೆಯನ್ನು ಸ್ವಾಗತಿಸಿ, ಊರಿನ ಪರವಾಗಿ ಪೂರ್ಣ ಸಹಕಾರದ ಭರವಸೆ ನೀಡಿದರು.

ಈಗ ಎಲ್ಲವನ್ನೂ ಪ್ರಿನ್ಸಿಪಾಲರ ತಲೆಗೆ ಕಟ್ಟಬಹುದು. ಆದರೆ ಆ ವಾಕ್ಯ ನನ್ನದು. ಆನೆ ಬಂದಾಗ ನೋಡಿಕೊಂಡರಾಯಿತು, ಮೊದಲು ನೀರು ನಿಲ್ಲಲಿ ಎಂದುಕೊಂಡೆ. ಹೊಲ ನನ್ನದಾಗಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ.

ಸಹಿ ಹಾಕಿಸಲು, ಮಾವನ ಮಾತಿನಲ್ಲಿ ಕೈಯೆಳುತ್ತು ಹಾಕಿಸಲು, ಪುಸ್ತಕ ಹಿಡಿದು ಅವರ ಹೊಲಕ್ಕೇ ಹೋದೆ. ಮಾವ ತಮಿಳು ಮಾತಾಡುತ್ತಿದ್ದರೇ ಹೊರತು ಓದಲು ಬರುತ್ತಿರಲಿಲ್ಲ. ಕಳೆ ಕೀಳುತ್ತಿದ್ದವರು ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಪುಸ್ತಕ ಇಸಿದುಕೊಂಡರು. ಪುಟದ ಮೇಲೆ ಒಂದು ಸಲ ಕಣ್ಣಾಡಿಸಿದರು.

"ನಾನೇಳಿದ್ದ ಬರ್ದಿದ್ದೀಯೇನ್ಲಾ?"

"ಬರ್ದಿವ್ನಿ ಮಾವ."

ಅಷ್ಟೇ. ಇನ್ನೊಂದು ಮಾತು ಕೇಳದೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಬರುವಾಗ ಒಂದು ಕೈಚೀಲ ಅವರೆಕಾಯಿ ಕೊಟ್ಟು ಕಳಿಸಿದರು.

ಜೇಸೀಬಿ ಬಂತು, ಹೊಂಡವಾಯಿತು, ಆ ವರ್ಷ ಮಳೆಯೂ ಚೆನ್ನಾಗಿ ಹುಯ್ದು ಏರಿಯ ತನಕ ತುಂಬಿತು. ತಪಾಸಣೆಯ ತಂಡ ಏರಿಯ ಮೇಲೆ ನಿಂತು ಸ್ಟೀಲ್ ಲೋಟದಲ್ಲಿ ಟೀ ಕುಡಿಯಿತು. ಊರಿನವರನ್ನು ಜೊತೆಗೆ ಸೇರಿಸಿಕೊಂಡು ಮಾಡಿದ್ದೀರಿ, ಇದು ಅಪರೂಪ ಎಂದು ಪುಸ್ತಕ ನೋಡಿ ಹೊಗಳಿದರು. ನಾನೂ ಹಲ್ಲು ಬಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಆನೆಗಳು ಬಂದಿದ್ದು ಮುಸುಕಿನ ಜೋಳ ಹಾಲುದುಂಬುವ ಹೊತ್ತಿಗೆ. ಬೆಳಗ್ಗೆ ಬಸ್ಸಿಳಿದಾಗ ಬೇಲಿಯಾಚೆ ಜನ ಕಂಡರು. ಮಾವನ ಹೊಲದ ನಡುಮಧ್ಯೆ ರಸ್ತೆ ಕಡಿದ ಹಾಗೆ ಜೋಳ ಮಲಗಿತ್ತು. ದಾರಿ ನೇರವಾಗಿ ಹೊಂಡಕ್ಕೆ ಮುಟ್ಟಿತ್ತು. ಆಮೇಲೆ ಅದು ರೂಢಿಯೇ ಆಯಿತು. ಮಾವನ ಜೋಳ ಮುಗಿದ ಮೇಲೆ ಪಕ್ಕದವರ ರಾಗಿ, ಅದರ ಪಕ್ಕದವರ ಕೋಸು.

ಒಂದು ಬೆಳಗ್ಗೆ ಊರಿಗೆ ಊರೇ ಕಾಲೇಜಿನ ಗೇಟಿಗೆ ಬಂದು ನಿಂತಿತು. ಯಾರನ್ನು ಕೇಳಿ ಹೊಂಡ ತೋಡಿದಿರಿ ಎಂಬುದು ಅವರ ಪ್ರಶ್ನೆ. ಪ್ರಿನ್ಸಿಪಾಲರು ಗಾಬರಿಯಾದವರಂತೆ ಕಾಣಲಿಲ್ಲ. ಒಳಗಿನಿಂದ ಪುಸ್ತಕ ತರಿಸಿ ನನ್ನ ಕೈಗಿಟ್ಟು, ನೀವೇ ಓದಿ, ಅವರ ಭಾಷೆಯಲ್ಲಿ ಹೇಳಿ ಎಂದರು.

ಮಾವ ಗುಂಪಿನ ಮುಂದೆಯೇ ಇದ್ದರು. ಅವರು ಧೈರ್ಯವಾಗಿದ್ದರು ಎಂಬುದು ಮುಖದಲ್ಲೇ ಕಾಣುತ್ತಿತ್ತು. ತಾನು ಬೇಡವೆಂದದ್ದು ಅದರಲ್ಲಿದೆ, ಈಗ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಕಾಯುತ್ತಿದ್ದರು. ಅಲ್ಲೇ ಪುಸ್ತಕ ಮುಚ್ಚಿ, ಇದು ಸುಳ್ಳು, ಬರೆದವನು ನಾನು ಎಂದುಬಿಟ್ಟಿದ್ದರೆ ಸಾಕಾಗಿತ್ತು. ನಾನು ಓದಿದೆ. ಸ್ವಾಗತಿಸಿ ಎಂಬುದನ್ನೂ ಓದಿದೆ, ಪೂರ್ಣ ಸಹಕಾರ ಎಂಬುದನ್ನೂ ಓದಿದೆ. ನನ್ನ ದನಿ ಪಾಠ ಮಾಡುವಾಗ ಇರುವಷ್ಟೇ ಸ್ಪಷ್ಟವಾಗಿತ್ತು.

ಎಲ್ಲರೂ ಅವರ ಕಡೆ ತಿರುಗಿದರು. ಮಾವ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಇರಲಿಲ್ಲ. ಏನೋ ಅರ್ಥವಾದವರಂತೆ ಕಣ್ಣು ಕೆಳಗೆ ಹಾಕಿದರು.

"ಊ ಕಣ್ರಪ್ಪ, ಒಪ್ಕಂಡಿದ್ದೆ," ಎಂದರು. "ಕೈಯೆಳುತ್ತು ನಂದೇಯ."

ಊರು ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಕೈಬಿಟ್ಟಿತು. ನಮ್ಮ ಕಡೆ ಬಿತ್ತನೆಗೆ, ಕಳೆಗೆ, ಕೊಯ್ಲಿಗೆ ಮುಯ್ಯಾಳು ಪದ್ಧತಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆನೆ ಕಾವಲೂ ಹಾಗೆಯೇ, ಸರದಿಯ ಮೇಲೆ. ಅವರ ಹೊಲಕ್ಕೆ ಯಾರೂ ಬರಲಿಲ್ಲ, ಅವರನ್ನು ಯಾರೂ ಕರೆಯಲಿಲ್ಲ. ಗಂಡ ಹೆಂಡತಿ ಇಬ್ಬರೇ ಒಂದು ಕಡೆಯಿಂದ ಬಿತ್ತುತ್ತಾ ಬಂದು ಅರ್ಧಕ್ಕೆ ನಿಲ್ಲಿಸಿದರು. ಮಿಕ್ಕ ಅರ್ಧದಲ್ಲಿ ಲಂಟಾನ ಎದ್ದಿತು.

ಮರುವರ್ಷ ಮಂಡಳಿ ಸೇರಿ ಹೊಂಡ ಮುಚ್ಚಿಸಲು ತೀರ್ಮಾನಿಸಿತು. ಮುಚ್ಚಿದ್ದೂ ಆಯಿತು. ಆದರೆ ಆನೆಗಳು ಬರುವುದನ್ನು ಬಿಡಲಿಲ್ಲ. ಅವಕ್ಕೆ ಆ ದಾರಿ ಒಗ್ಗಿಹೋಗಿತ್ತು. ಬಂದು, ನೀರಿಲ್ಲದ ಮಣ್ಣು ಕೆದರಿ, ಹೋಗುವಾಗ ಸಿಕ್ಕಿದ್ದು ತಿಂದು ಹೋಗುತ್ತಿದ್ದವು. ಹಾಸ್ಟೆಲಿನ ಮಕ್ಕಳು ಮತ್ತೆ ಬಕೆಟ್ ಹಿಡಿದು ನಿಂತರು.

ನನ್ನ ಕೆಲಸ ಕಾಯಂ ಆದ ಆದೇಶ ಬಂದ ವಾರದಲ್ಲಿ ಮಾವನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು, ಊರಿನವರನ್ನು ಸೇರಿಸಿ ನಿಜ ಹೇಳಿಬಿಡುತ್ತೇನೆ ಎಂದೆ. ಬಸ್ಸಿನಲ್ಲಿ ಬರುತ್ತಾ ಅದನ್ನು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಮಾವ ಎಲೆ ತೆಗೆದು ಸುಣ್ಣ ಹಚ್ಚತೊಡಗಿದರು.

"ಈಗ್ ಏಳಿ ಏನ್ ಬಂತ್ಲಾ? ಆನೆ ನಿಂತ್ಬುಟ್ಟಾವಾ? ನಂದಂತೂ ಓಯ್ತು. ನಿಂದೂ ಯಾಕ್ ಕಳ್ಕತೀಯೆ, ಸುಮ್ನಿರು."

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಆ ಮಾತು ಕೇಳಿ ನನ್ನ ಎದೆ ಹಗುರವಾಯಿತು. ಇಲ್ಲ ಮಾವ, ಹೇಳಲೇಬೇಕು ಎಂದು ಒಂದು ಸಲವಾದರೂ ಅನ್ನಬಹುದಿತ್ತು. ಅವರು ಅದಕ್ಕೇ ಕಾಯುತ್ತಿದ್ದರೋ ಏನೋ, ಎಲೆ ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.