ನಾನು ಕೊಟ್ಟ ಒಳ್ಳೆಯ ಸರ್ಟಿಫಿಕೇಟು

ಒಬ್ಬನನ್ನು ಹೊಗಳಿ ಬರೆದು ಅವನ ಬದುಕಿಗೇ ಕಲ್ಲು ಹಾಕಬಹುದೇ? ಹಾಕಬಹುದು. ನಾನು ಹಾಕಿದ್ದೇನೆ.

ಉಸ್ಮಾನ್ ಅಬುಧಾಬಿಯಲ್ಲಿ ಆರು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು. (ಅವನ ದೇಶದ ಹೆಸರು ಬೇಡ, ಕೇಸು ನಡೆಯುತ್ತಿದೆ.) ಊರಿನಲ್ಲಿ ಅವನ ಅಣ್ಣನನ್ನು ಸೈನಿಕರು ಎತ್ತಿಕೊಂಡು ಹೋಗಿದ್ದರು. ಒಮ್ಮೆ ಪಾಸ್‌ಪೋರ್ಟ್ ನವೀಕರಣಕ್ಕೆಂದು ಅವನ ಎಂಬೆಸಿಗೆ ಜೊತೆಯಾಗಿ ಹೋಗಿದ್ದೆ. ಗೇಟಿನವರೆಗೆ ಬಂದವನು, ಒಳಗೆ ಹೋದರೆ ತನ್ನನ್ನೂ ಹಿಡಿಯುತ್ತಾರೆಂದು ತಿರುಗಿ ನಡೆದುಬಿಟ್ಟ. ಪಾಸ್‌ಪೋರ್ಟ್ ಅವಧಿ ಮುಗಿಯುವ ಮೊದಲೇ ಹೇಗೋ ದೂರದ ಒಂದು ದೇಶ ಸೇರಿ, ನಿರಾಶ್ರಿತನೆಂದು ರಕ್ಷಣೆ ಕೊಡಿ ಎಂದು ಅರ್ಜಿ ಹಾಕಿದ.

"ನನ್ನ ಬಗ್ಗೆ ಗೊತ್ತಿರೋದನ್ನ ಬರೆದು ಕಳಿಸು, ಭಾಯ್" ಎಂದ.

ಹಮ್ದಾನ್ ಸ್ಟ್ರೀಟ್‌ನ ಟೈಪಿಂಗ್ ಸೆಂಟರ್‌ಗೆ ಓಡಿದೆ. ನಮ್ಮ ಗಲ್ಫಿನ ಕಾಗದಗಳು ನಿಮಗೆ ಗೊತ್ತಲ್ಲ? ಕೆಲಸಕ್ಕಾಗಲಿ, ವೀಸಾಕ್ಕಾಗಲಿ, ಒಂದೇ ರಾಗ. ಸಜ್ಜನ. ಪೊಲೀಸ್ ಕೇಸಿಲ್ಲ. ಯಾರೊಂದಿಗೂ ತಕರಾರಿಲ್ಲ. ಎಂಬೆಸಿ ಗೇಟಿನ ಸಂಗತಿಯನ್ನೂ ಸೇರಿಸಲೇ ಎಂದು ಕೇಳಿದೆ. ಟೈಪ್ ಮಾಡುತ್ತಿದ್ದ ಪುತ್ತೂರಿನ ಹಮೀದಾಕ, ಅಂದರೆ ನಮ್ಮ ಹಮೀದಣ್ಣ, ಬೇಡವೆಂದು ತಲೆ ಅಲ್ಲಾಡಿಸಿದರು.

"ಅದೆಲ್ಲ ಯಾಕೆ ಮಾರಾಯ್ರೆ? ಲೆಟರ್ ಕ್ಲೀನ್ ಇರ್ಬೇಕು. ಸುಮ್ನೆ ಅವನಿಗೇ ಪ್ರಾಬ್ಲಂ ಆಗ್ತದೆ."

ನನಗೂ ಹೌದೆನಿಸಿತು. 'ಇವನಿಗೆ ಯಾರಿಂದಲೂ ತೊಂದರೆಯಿಲ್ಲ, ಸದಾ ನಗುಮುಖ' ಎಂದು ಸೇರಿಸಿ ಸಹಿ ಹಾಕಿದೆ. ಸದಾ ನಗುಮುಖವಂತೆ!

ಅಧಿಕಾರಿ ಅರ್ಜಿ ತಿರಸ್ಕರಿಸಿದ. ಕಾರಣಗಳಲ್ಲಿ ನನ್ನ ಸಾಲೇ ಮೊದಲನೆಯದು. ಜೊತೆಗಿದ್ದವನೇ ತೊಂದರೆಯಿಲ್ಲ ಎನ್ನುತ್ತಾನೆ, ಇನ್ನು ಭಯ ಎಲ್ಲಿಯದು?

ಉಸ್ಮಾನ್ ಈಗ ಕೋರ್ಟಿಗೆ ಹೋಗಿದ್ದಾನೆ. ಕಳೆದ ವಾರ ಫೋನ್ ಮಾಡಿದಾಗ, "ಹೊಸ ಲೆಟರ್ ಬರೀತೇನೆ, ಈ ಸಲ ಎಲ್ಲ ಬರೀತೇನೆ" ಎಂದೆ.

"ಖಲಾಸ್, ಭಾಯ್. ಹೊಸ ಪೇಪರ್ ಜಡ್ಜ್ ನೋಡಲ್ಲ. ಹಳೇ ಫೈಲ್ ಓದಿ, ಆಫೀಸರ್ ತೀರ್ಮಾನ ಸರಿಯಾ ಅಂತ ಅಷ್ಟೇ ನೋಡ್ತಾರಂತೆ. ಸೋತ್ರೆ ವಾಪಸ್ ಪ್ಲೇನ್ ಹತ್ತಿಸ್ತಾರೆ."

ಒಂದು ಬೈಗುಳವೂ ಇಲ್ಲ. ಬೈದಿದ್ದರೆ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು.

ರೂಮಿನಲ್ಲಿ ಖಾಲಿಬಿದ್ದಿರುವ ಅವನ ಮಂಚವನ್ನು ಬಾಡಿಗೆಗೆ ಕೇಳಿಕೊಂಡು ಜನ ಬರುತ್ತಾರೆ. ಖಾಲಿಯಿಲ್ಲ ಎಂದು ಸುಳ್ಳು ಹೇಳಿ ಕಳಿಸುತ್ತೇನೆ. ಮೊನ್ನೆ ಭಾನುವಾರ ಇಡೀ ದಿನ ನಾನು ಬಾಯಿಬಿಟ್ಟು ಆಡಿದ ಮಾತೆಂದರೆ ಲಿಫ್ಟಿನಲ್ಲಿ ಯಾರಿಗೋ ಹೇಳಿದ 'ಫಿಫ್ತ್ ಫ್ಲೋರ್'. ಒಂಟಿತನ ಇಷ್ಟು ದೊಡ್ಡದೆಂದು ಅವನಿದ್ದಾಗ ಗೊತ್ತಿರಲಿಲ್ಲ.

ಅವನ ಲಾಯರ್ ಹಿಡಿದಿರುವ ವಾದ ಒಂದೇ. ಅದು ಗಲ್ಫಿನ ಮಾಮೂಲಿ ಕಾಗದ, ಅದನ್ನು ನೆಚ್ಚಿ ತೀರ್ಮಾನ ಕೊಟ್ಟದ್ದೇ ತಪ್ಪು.

ಮುಖ ಕಾಣದ ಆ ಜಡ್ಜ್ ನನ್ನ ಮಾತನ್ನು ನಂಬದಿರಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೇನೆ.