ಬೀಗದಕ್ಕನ ಉಯಿಲು

ಬೀಗದಕ್ಕ ತನ್ನ ಅಂಗಡಿಯ ಎದುರು ನಾಲ್ಕು ವರ್ಷ ಕೂತಿದ್ದಳು. ಒಳಗಲ್ಲ, ಎದುರಿಗೆ, ಫುಟ್‌ಪಾತಿನ ಮೇಲೆ. ಗಂಡ ಅಂಗಡಿಯನ್ನು ಇವಳ ಹೆಸರಿಗೆ ಉಯಿಲು ಬರೆದು ಸತ್ತಿದ್ದ. ಆದರೆ ಉಯಿಲನ್ನು ಕೋರ್ಟು ಒಪ್ಪಿ ಮುದ್ರೆ ಒತ್ತಬೇಕು. ಅದಕ್ಕೆ ಪ್ರೊಬೇಟ್ ಅನ್ನುತ್ತಾರೆ. ಅಷ್ಟರಲ್ಲಿ ಮೈದುನ ತಕರಾರು ಅರ್ಜಿ ಹಾಕಿದ, ಕೋರ್ಟು ಬಾಗಿಲಿಗೆ ಬೀಗ ಜಡಿಯಿತು. ಊರಿನವರ ಬೀಗ ತೆಗೆದುಕೊಡುವುದೇ ಬೀಗದಕ್ಕನ ಕಸುಬು. ಕೋರ್ಟಿನ ಆ ಬೀಗಕ್ಕೆ ಅವಳ ಹೇರ್‌ಪಿನ್ನು, ಎರಡು ನಿಮಿಷ ಸಾಕಿತ್ತು. ತೆಗೆದರೆ ಜೈಲು. ಊರಿನ ಬೀಗಗಳನ್ನೆಲ್ಲ ತೆಗೆಯುತ್ತಾ, ತನ್ನದನ್ನು ಸುಮ್ಮನೆ ನೋಡುತ್ತಾ ಕೂತಳು. ಧರಣಿಯಲ್ಲಿ ಈ ಬೀದಿಯ ಯೂನಿಯನ್ನಿನವರಾದ ನಾವೂ ಹೆಸರು ಮಾಡಿದವರೇ, ಆದರೆ ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದೆವು.

ಕೊನೆಗೆ ಕೇಸು ಗೆದ್ದು ಅಂಗಡಿ ಕೈಗೆ ಬಂದಾಗ ಒಳಗಿನ, ಕೀಲಿ ಉಜ್ಜುವ ಅರಗಳಿಗೆಲ್ಲ ತುಕ್ಕು. ತಾನು ಸತ್ತ ಮೇಲೆ ಮಕ್ಕಳಿಬ್ಬರೂ ಆ ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂದು ಅಂದೇ ತೀರ್ಮಾನಿಸಿದಳು. ಮಗ ಬಸ್ಸು ಓಡಿಸುತ್ತಾನೆ, ಮಗಳು ಅಮ್ಮನ ಜೊತೆ ಅಂಗಡಿಯಲ್ಲೇ ದುಡಿಯುತ್ತಾಳೆ. ಅಂಗಡಿಯಲ್ಲೂ ಹಿಂದಿನ ಬೀದಿಯ ಎರಡು ಕೋಣೆಯ ಮನೆಯಲ್ಲೂ ಇಬ್ಬರಿಗೂ ಅರ್ಧರ್ಧ ಎಂದು ಯಾರಿಗೂ ಹೇಳದೆ ಉಯಿಲು ಬರೆದು, ತಾನೇ ಮಾಡಿದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಳು. ಅದಕ್ಕೆ ಎರಡು ಕೀಲಿ, ಎರಡನ್ನೂ ಒಟ್ಟಿಗೆ ತಿರುಗಿಸಬೇಕು. ಮಗನಿಗೊಂದು, ಮಗಳಿಗೊಂದು ಕೊಟ್ಟಳು. ಒಬ್ಬರ ಕಣ್ಣು ತಪ್ಪಿಸಿ ಇನ್ನೊಬ್ಬರು ತೆಗೆಯುವಂತಿಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಓಡಾಡಿದಳು.

ಒಂದು ಭಾನುವಾರ ಮಗ ಅಂಗಡಿಗೆ ಬಂದವನು ಕಾಫಿ ಹೀರುತ್ತಾ, "ಅಂಗಡೀಲಿ ಅರ್ಧ ತಗೊಂಡು ನಾನೇನ್ ಮಾಡ್ಲಮ್ಮ? ಇದು ಅವಳಿಗಿರಲಿ, ನನಗೆ ಮನೆ ಸಾಕು" ಅಂದ.

"ಅರ್ಧ ಅಂತ ನಿನಗ್ಯಾರೋ ಹೇಳಿದ್ದು?"

ಅವನು ತಂಗಿಯ ಮುಖ ನೋಡಿದ. ತಂಗಿ ಅರದ ಮುಖ ನೋಡಿದಳು. ಬೀಗದಕ್ಕ ಜೇಬು ತಡಕಿದರೆ ಅವನ ಹತ್ತಿರ ಎರಡೂ ಕೀಲಿ. ಅವಳ ಹತ್ತಿರವೂ ಎರಡು. ಇಬ್ಬರಿಗೂ ಏಳನೇ ವಯಸ್ಸಿಗೇ ಸೋಪಿನ ಮೇಲೆ ಕೀಲಿಯ ಅಚ್ಚು ತೆಗೆಯಲು ಕಲಿಸಿದವಳು ಬೀಗದಕ್ಕನೇ ತಾನೆ. ಅರ್ಧ ಗಂಟೆ ಇಬ್ಬರಿಗೂ ಚಳಿ ಬಿಡಿಸಿದಳು. ಆಮೇಲೆ ಮಗನ ನಕಲಿ ಕೀಲಿಯನ್ನು ಬೆಳಕಿಗೆ ಹಿಡಿದು, "ಹಲ್ಲು ಸರಿಯಾಗಿ ಉಜ್ಜಿಲ್ಲ ಕತ್ತೆ" ಅಂದಳು.

ಗುಟ್ಟು ರಟ್ಟಾದ ಮೇಲೆ ಮೂವರೂ ವಕೀಲಮ್ಮನ ಹತ್ತಿರ ಹೋದರು. ಪೆಟ್ಟಿಗೆ ಎಷ್ಟೇ ಗಟ್ಟಿಯಿರಲಿ, ಉಯಿಲು ಅಂದ ಮೇಲೆ ಅದೂ ಅದೇ ಕೋರ್ಟಿಗೇ ಹೋಗಬೇಕು ಎಂದಳು ವಕೀಲಮ್ಮ. ಬದುಕಿರುವಾಗಲೇ ದಾನಪತ್ರ ಬರೆದು ರಿಜಿಸ್ಟರ್ ಮಾಡಿಸಿ, ಸಾಯುವಾಗ ನಿಮ್ಮ ಹೆಸರಲ್ಲಿ ಏನೂ ಇರದಿದ್ದರೆ ಕೋರ್ಟಿಗೆ ಕೇಳಲು ಏನೂ ಉಳಿಯುವುದಿಲ್ಲ ಎಂದಳು.

"ಈಗ್ಲೇ ಕೊಟ್ಟುಬಿಟ್ರೆ ನಾನೆಲ್ಲಿ ಕೂರ್ಲಿ? ಮತ್ತೆ ಫುಟ್‌ಪಾತಲ್ಲಾ?"

ಸಾಯುವವರೆಗೆ ಮನೆಯಲ್ಲಿ ಇರುವ, ಅಂಗಡಿಯಲ್ಲಿ ಕೂರುವ ಹಕ್ಕು ಅಮ್ಮನದೇ ಎಂದು ವಕೀಲಮ್ಮ ಪತ್ರದಲ್ಲೇ ಬರೆಸಿದಳು. ಆದರೂ ಬೀಗದಕ್ಕ ಹನ್ನೊಂದು ದಿನ ಸಹಿ ಹಾಕಲಿಲ್ಲ. ಪೊಲೀಸರ ಲಾಠಿಗೆ ಹೆದರದವರನ್ನು ಬೇಕಾದಷ್ಟು ಕಂಡಿದ್ದೇನೆ. ಕೂತ ಸ್ಟೂಲು ಬಿಡು ಅಂದರೆ ಅವರೂ ನಡುಗುತ್ತಾರೆ. ಹನ್ನೆರಡನೇ ದಿನ ಮಗಳು ಮೇಜಿನಿಂದ ತಲೆಯೆತ್ತದೆ, "ಅಮ್ಮ, ನೀನು ಎದ್ದು ಹೋದ್ರೆ ಹಳೇ ತಿಜೋರಿ ತೆಗೆಯೋರು ಯಾರು? ಅದೊಂದು ನೀನು ನನಗೆ ಕಲಿಸೇ ಇಲ್ಲ" ಅಂದಳು.

"ಕಲಿಸೋದೂ ಇಲ್ಲ" ಅಂದು ಬೀಗದಕ್ಕ ಪೆನ್ನು ಕೇಳಿದಳು. ಅಂಗಡಿ ಮಗಳದಾಯಿತು, ಮನೆ ಮಗನದು.

ರಿಜಿಸ್ಟರ್ ಆದ ಮರುದಿನ ಗಿರಾಕಿಯೊಬ್ಬ ಕಪಾಟಿನ ಬೀಗ ತಂದು ಸಂಜೆಯೊಳಗೆ ಬೇಕು ಅಂದ.

"ಓನರಮ್ಮನ್ನ ಕೇಳಪ್ಪ. ನಾನು ಸಾಯೋತನಕ ಇಲ್ಲಿ ಕೂರೋಳು, ಅಷ್ಟೇ. ಕಾಗದದಲ್ಲಿ ಬರೆದಿದೆ."

ಮಗಳು ಬಾಯಿ ತೆರೆಯುವಷ್ಟರಲ್ಲಿ ಬೀಗದಕ್ಕನೇ ಬೀಗ ಕಿತ್ತುಕೊಂಡು, "ನಾಳೆ ಬಾ" ಎಂದು ಅವನನ್ನು ಕಳಿಸಿದಳು.