ಇಲ್ಲದ ನಲವತ್ತು ಅಂಬರಗುಬ್ಬಿಗಳು

ಆ ಶುಕ್ರವಾರ ಮುಂಜಾನೆ ಉಣಕಲ್ ಕೆರೆಯ ಮೇಲೆ ನಲವತ್ತು ಅಂಬರಗುಬ್ಬಿ ಎಣಿಸಿದೆ. ಚಳಿಗಾಲಕ್ಕೆ ಬರುವ ಹಕ್ಕಿ. ನೀರಿನ ಮೇಲೆ ಸರ್ರಂತ ಸುಳಿದಾಡುತ್ತವೆ, ಒಂದು ಕಡೆ ನಿಲ್ಲುವುದಿಲ್ಲ, ಎಣಿಸುವವರ ತಲೆ ಕೆಡಿಸುತ್ತವೆ. ಹದಿನಾರು ವರ್ಷದಿಂದ ಈ ಕೆರೆಯ ಹಕ್ಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದವಳು ನಾನು. ಅದಕ್ಕೂ ಮೊದಲಿನಿಂದ ಮಿಷನ್ ಸಾಲಿಯಲ್ಲಿ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ಇದು. ನನ್ನ ಎಣಿಕೆಯಲ್ಲಿ ತಪ್ಪು ಹುಡುಕುವ ಧೈರ್ಯ ಯಾರಿಗೂ ಇರಲಿಲ್ಲ. ನನಗಂತೂ ಇರಲೇ ಇಲ್ಲ.

ಜೊತೆಗೆ ದಾದಾಪೀರ್ ಇದ್ದರು. ಉಣಕಲ್‌ನಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಅವರದು. ಅವರ ಮಗಳಿಗೆ ನಾನು ಕಲಿಸಿದ್ದೇನೆ, ಹಾಗಾಗಿ ಅವರಿಗೂ ನಾನು ‘ಅಕ್ಕೋರು’. ಅಂಗಡಿ ತೆಗೆಯುವ ಮುಂಚೆ ಅರ್ಧ ತಾಸು ಕೆರೆಯ ದಂಡೆಗೆ ಬಂದು ನನ್ನ ಜೊತೆ ಹಕ್ಕಿ ನೋಡುವುದು ಅವರ ಚಟ. ಹೆಸರುಗಳನ್ನೆಲ್ಲ ನನ್ನಿಂದಲೇ ಕಲಿತದ್ದು.

“ಎಲ್ಲಿ ಅದಾವ್ರಿ ಅಕ್ಕೋರ?”

“ಅಲ್ಲೇ, ನೀರಿನ ಮ್ಯಾಲೆ. ಅಷ್ಟೂ ಕಾಣಂಗಿಲ್ಲೇನ್ರಿ?”

ಅವರು ಹುಬ್ಬಿಗೆ ಕೈ ಹಚ್ಚಿ ಬಹಳ ಹೊತ್ತು ನೋಡಿದರು. “ನನಗ ಒಂದೂ ಕಾಣವಲ್ದು.”

“ವಯಸ್ಸಾತು ನಿಮಗ. ಮೊದಲ ಹೋಗಿ ಕಣ್ಣು ತೋರಿಸ್ಕೋರಿ,” ಅಂದೆ. ಅವರು ನನಗಿಂತ ಎಂಟು ವರ್ಷ ಚಿಕ್ಕವರು.

ಕೇಶ್ವಾಪುರದ ಮನೆಗೆ ಮರಳಿ, ಚಹಾಕ್ಕೆ ನೀರಿಟ್ಟು ತಲೆ ಎತ್ತಿದೆ.

ಅಡುಗೆಮನೆಯ ಬಿಳಿ ಟೈಲ್ಸಿನ ಮೇಲೆ ಅಂಬರಗುಬ್ಬಿ ಹಾರುತ್ತಿದ್ದವು.

ಕಣ್ಣು ಬಲಕ್ಕೆ ಹೊರಳಿಸಿದರೆ ಬಲಕ್ಕೆ, ಎಡಕ್ಕೆ ಹೊರಳಿಸಿದರೆ ಎಡಕ್ಕೆ. ಹಾರುತ್ತಿದ್ದದ್ದು ಕಣ್ಣೊಳಗಿನ ಚುಕ್ಕೆ ಎಂದು ನನಗೆ ಆಗಲೇ ತಿಳಿಯಿತು. ತಿಳಿದದ್ದನ್ನು ಒಪ್ಪಿಕೊಳ್ಳಲು ಮಾತ್ರ ಒಂದು ದಿನ ಬೇಕಾಯಿತು. ಯಾಕೆಂದರೆ ನನ್ನ ಎಡಗಣ್ಣು ಹುಟ್ಟಿನಿಂದ ಮಂದ. ಅದಕ್ಕೆ ಬೆರಳು ಕಾಣುತ್ತವೆ, ಅಕ್ಷರ ಕಾಣುವುದಿಲ್ಲ. ಓದಿದ್ದು, ಕಲಿಸಿದ್ದು, ಹಕ್ಕಿ ನೋಡಿದ್ದು ಎಲ್ಲ ಬಲಗಣ್ಣಿನಿಂದಲೇ. ಇದು ಹೋದರೆ ನನ್ನ ಹತ್ತಿರ ಇನ್ನೊಂದಿಲ್ಲ.

ನಮ್ಮವರು ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದವರು. ಸಣ್ಣ ಸದ್ದಿನಲ್ಲೂ ಮಷೀನಿನ ದೋಷ ಹಿಡಿಯುವ ಮನುಷ್ಯ. “ಯಾಕ ಕಣ್ಣು ತಿಕ್ಕಾಕತ್ತಿ?” ಅಂತ ಕೇಳಿದರು. “ಕಸ ಬಿದ್ದದ,” ಅಂದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಸಣ್ಣಪುಟ್ಟ ಸುಳ್ಳು ಹೇಳಿದ್ದೇನೆ, ಇಲ್ಲವೆನ್ನುವುದಿಲ್ಲ. ಇಷ್ಟು ಹೆದರಿ ಹೇಳಿದ್ದು ಇದೊಂದೇ. ತಣ್ಣೀರಿನಿಂದ ಹತ್ತು ಸಲ ಕಣ್ಣು ತೊಳೆದೆ. ಸಂಜೆ ಕಣ್ಣಂಚಿನಲ್ಲಿ ಮಿಂಚು ಹೊಡೆಯತೊಡಗಿತು. ಹೊರಗೆ ಬಂದು ನೋಡಿದೆ, ಆಕಾಶದಲ್ಲಿ ಮೋಡವೇ ಇರಲಿಲ್ಲ. ಒಳಗೆ ಬಂದು ರೊಟ್ಟಿ ಬಡಿದೆ. ಡಾಕ್ಟರ ಹತ್ತಿರ ಹೋದರೆ ಅವರು ಅದರ ಹೆಸರು ಹೇಳುತ್ತಾರೆ, ಹೋಗದಿದ್ದರೆ ಅದು ಇರುವುದೇ ಇಲ್ಲ ಅನ್ನುವ ಹಾಗೆ ಇತ್ತು ನನ್ನ ಬುದ್ಧಿ.

ಶನಿವಾರ ಎದ್ದಾಗ ಎಡಗಡೆ, ಕೆಳಗಿನಿಂದ, ಕಂದು ಪರದೆ ಏರಿತ್ತು.

ಕೆರೆಗೆ ಹೋಗಲಿಲ್ಲ. ಎಂಟು ಗಂಟೆಗೆ ದಾದಾಪೀರ್ ಅವರೇ ಮನೆಗೆ ಬಂದರು. ಗೇಟಿನ ಹೊರಗೇ ನಿಂತರು. ಕೈಯಲ್ಲಿ ಒಂದು ಚೀಟಿ.

“ಅಕ್ಕೋರ, ನೀವು ಬೈದ್ರಲ್ಲ, ನಿನ್ನೆ ಸಂಜಿಕ ಹೋಗಿ ಕಣ್ಣು ತೋರಿಸ್ಕೊಂಡು ಬಂದ್ನಿರಿ.”

“ಛಲೋ ಆತು. ಏನಂದ್ರು?”

“ನನ್ನ ಕಣ್ಣು ಬರೋಬ್ಬರಿ ಅದಾವಂತ್ರಿ.” ಚೀಟಿಯನ್ನು ಮಡಚಿದರು, ಮತ್ತೆ ಬಿಚ್ಚಿದರು. “ಚಷ್ಮಾ ಅಂಗಡ್ಯಾಂವಗ ಎಲ್ಲಾ ಹೇಳಿದೆ. ಅಕ್ಕೋರಿಗೆ ನಲವತ್ತು ಕಾಣ್ತಾವ, ನನಗ ಒಂದೂ ಕಾಣಂಗಿಲ್ಲ ಅಂತ. ನಗತಾನ ಅಂದ್ಕೊಂಡಿದ್ದೆ. ನಗಲಿಲ್ರಿ ಅಂವಾ. ‘ನಿಂದಿರ್ಲಿ, ಮೊದಲ ಅಕ್ಕೋರನ್ನ ದವಾಖಾನಿಗೆ ಕಳಸು’ ಅಂದ.”

ನಮ್ಮವರು ಚಹಾದ ಕಪ್ಪು ಹಿಡಿದು ಹೊರಗೆ ಬಂದರು. ಇಬ್ಬರೂ ನನ್ನ ಮುಖ ನೋಡಿದರು. ಗೇಟಿನ ಸರಳು ಹಿಡಿದು ಅಲ್ಲೇ ಅತ್ತುಬಿಟ್ಟೆ. ನನ್ನ ತಪ್ಪನ್ನು ನನಗೆ ಹೇಳಲು ಆ ಮನುಷ್ಯ ತನ್ನ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರಬೇಕಾಯಿತು.

ದವಾಖಾನೆಯಲ್ಲಿ ಡ್ರಾಪ್ಸ್ ಹಾಕಿ ಕೂರಿಸಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ವಿದ್ಯಾರ್ಥಿನಿಯರ ವಾರಿಗೆಯವಳು. ತಲೆಗೆ ಲೈಟು ಕಟ್ಟಿಕೊಂಡು ಬಹಳ ಹೊತ್ತು ಕಣ್ಣಿನೊಳಗೆ ನೋಡಿದಳು. 

“ಕಣ್ಣಿನ ಹಿಂದಿನ ಪದರ, ರೆಟಿನಾ, ಡಿಟ್ಯಾಚ್ ಆಗೇದ್ರಿ. ಗ್ವಾಡಿಗೆ ಹಚ್ಚಿದ ಕಾಗದ ಬಿಟ್ಟ ಹಾಂಗ. ಯಾವಾಗ ಶುರು ಆತು?”

“ನಿನ್ನೆ ಮುಂಜಾನೆ.”

“ಮತ್ತ ನಿನ್ನೇನ ಯಾಕ ಬರಲಿಲ್ರಿ?”

ಎಷ್ಟು ಮಕ್ಕಳಿಗೆ ಇದೇ ದನಿಯಲ್ಲಿ ಕೇಳಿದ್ದೆನೋ. ಅವರ ಹಾಗೆಯೇ ನೆಲ ನೋಡಿದೆ.

“ನಡುವಿನ ಭಾಗ, ಮ್ಯಾಕ್ಯುಲಾ, ಇನ್ನೂ ಹಿಡಕೊಂಡದ,” ಅಂದಳು. “ಅದೂ ಬಿಟ್ಟರ ನಾ ಏನೂ ಭರವಸೆ ಕೊಡಲಾರೆ. ಆಪರೇಷನ್ ಇವತ್ತ ಆಗಬೇಕು.”

ನಮ್ಮ ಚರ್ಚಿನ ಸಭಾಪಾಲಕರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಾನು ಆಮೆನ್ ಅಂದೆ. ಖರೇ ಹೇಳುತ್ತೇನೆ, ನನ್ನಿಂದ ಪ್ರಾರ್ಥನೆ ಬರಲಿಲ್ಲ. ಬಂದದ್ದು ಬರೀ ಜಗಳ. ಎರಡು ಕೊಟ್ಟಿದ್ದರೆ ಒಂದು ಕೇಳಬಹುದಿತ್ತು, ಕೊಟ್ಟಿದ್ದೇ ಒಂದು, ಅದನ್ನೂ ಕೇಳುತ್ತೀಯಲ್ಲ ತಂದೆಯೇ.

ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟರು. ಎಚ್ಚರವಿತ್ತು. ನೋವಿರಲಿಲ್ಲ, ಮಾತು ಕೇಳುತ್ತಿದ್ದವು. ಯಾರೋ ನರ್ಸ್ ಮಧ್ಯಾಹ್ನದ ಊಟದ ವಿಷಯ ಹೇಳಿದಳು. ಇಷ್ಟು ಸಹಜವಾಗಿ ಮಾತಾಡುತ್ತಿದ್ದಾರೆಂದರೆ ಎಲ್ಲ ಸರಿ ಇದೆ ಎಂದುಕೊಂಡೆ. ಆಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾದರು, ಮತ್ತು ನನ್ನ ಎದೆ ಬಡಿತ ಮಷೀನಿನಲ್ಲಿ ನನಗೇ ಕೇಳತೊಡಗಿತು.

ಕಣ್ಣಿನೊಳಗೆ ಗ್ಯಾಸ್ ತುಂಬಿದ್ದರು. ಅದು ರೆಟಿನಾವನ್ನು ಒತ್ತಿ ಹಿಡಿಯಬೇಕು. ಹಾಗಾಗಿ ಹತ್ತು ದಿನ ಮುಖ ಕೆಳಗೆ. ಉಣ್ಣುವಾಗ, ಮಲಗುವಾಗ, ಕೂತಾಗ ಕೆಳಗೆ. ದಾದಾಪೀರ್ ಹಳೇ ಸ್ಕೂಟರ್ ಸೀಟಿನ ಫೋಮ್ ಕತ್ತರಿಸಿ, ನಡುವೆ ಮುಖ ಹಿಡಿಸುವಷ್ಟು ತೂತು ಮಾಡಿ ತಂದುಕೊಟ್ಟರು. ದವಾಖಾನೆಯವರು ಹೇಳಿದ ದಿಂಬಿಗಿಂತ ಅದೇ ಛಲೋ ಇತ್ತು. ಪೆಟ್ರೋಲ್ ವಾಸನೆ ಮಾತ್ರ ಹೋಗಲಿಲ್ಲ. “ಇನ್ನೊಂದು ವಾರಕ್ಕ ಹೆಂಡತಿಗೆ ಕಿಕ್ ಹೊಡದು ಸ್ಟಾರ್ಟ್ ಮಾಡಬೇಕಾಗ್ತದ,” ಅಂದರು ನಮ್ಮವರು. ನಗು ಬಂತು. ನಗುವಾಗ ಹೊಲಿಗೆ ಬಿಚ್ಚೀತೆಂದು ಹೆದರಿ ನಿಲ್ಲಿಸಿದೆ.

ಹೊರಗೆ ಪೇರಲ ಗಿಡದಲ್ಲಿ ಸೂರಕ್ಕಿ ಚಿಂವ್‌ಗುಡುತ್ತಿತ್ತು. ಕಣ್ಣು ಹೋದರೂ ಕಿವಿ ಇದೆ, ಕೂಗು ಕೇಳಿಯೇ ಬರೆಯಬಹುದು ಅಂತ ನೋಡಲು ಬಂದವರು ಯಾರೋ ಸಮಾಧಾನ ಹೇಳಿದರು. ಅವರು ಹೋದ ಮೇಲೆ “ಕಿಟಕಿ ಹಾಕ್ರಿ,” ಅಂದೆ ನಮ್ಮವರಿಗೆ. ಕಿವಿಯಿಂದ ಹಕ್ಕಿ ನೋಡುವುದನ್ನು ಕಲಿಯಲು ನಾನು ಒಪ್ಪಿಕೊಂಡರೆ ಕಣ್ಣು ಅದನ್ನು ಕೇಳಿಸಿಕೊಂಡು ಬಿಟ್ಟುಹೋಗುತ್ತದೆ ಅನಿಸುತ್ತಿತ್ತು. ಆದರೂ ನಮ್ಮವರು ಪೇಟೆಗೆ ಹೋದಾಗ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುವುದನ್ನು ರೂಢಿ ಮಾಡಿದೆ. ಹಾಸಿಗೆಯಿಂದ ಬಾಗಿಲಿಗೆ ಏಳು ಹೆಜ್ಜೆ, ಅಲ್ಲಿಂದ ಬಚ್ಚಲಿಗೆ ಹನ್ನೊಂದು. ಇದನ್ನು ಅವರಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದಾಗಲೇ ಅವರಿಗೆ ತಿಳಿಯುವುದು.

ಆಮೇಲೆ ಗ್ಯಾಸ್ ದಿನದಿನಕ್ಕೆ ಕರಗಿತು. ಕೊಡದ ನೀರು ಇಳಿದ ಹಾಗೆ ನೋಟದ ಮೇಲ್ಭಾಗ ಮೊದಲು ತಿಳಿಯಾಯಿತು. ಫ್ಯಾನು ಕಂಡಿತು, ಬಾಗಿಲ ಚೌಕಟ್ಟು ಕಂಡಿತು. ಒಂದು ದಿನ ನಮ್ಮವರ ಮುಖ ಕಂಡಿತು. ಗಡ್ಡ ಬಿಟ್ಟಿದ್ದರು, ಬಹಳ ಸೊರಗಿದ್ದರು. ನನ್ನನ್ನು ನೋಡಿಕೊಳ್ಳುತ್ತ ಅವರು ಉಂಡಿರಲಿಲ್ಲವೆಂದು ಆಗಲೇ ತಿಳಿದದ್ದು.

“ನಡುವಿನ ದೃಷ್ಟಿ ಉಳಿದದ,” ಅಂದಳು ಡಾಕ್ಟರು. “ಎಡಗಡೆ ಕೆಳಗ ಸ್ವಲ್ಪ ಮಸುಕು ಇರತದ. ಅದು ಬಹುಶಃ ಹಾಂಗೇ. ರೆಟಿನಾ ಮತ್ತ ಬಿಡಬಹುದು, ಬಿಡದೇನೂ ಇರಬಹುದು. ಹೊಸಾ ಚುಕ್ಕಿ ಕಂಡ್ರ, ಮಿಂಚು ಕಂಡ್ರ, ಅವತ್ತ ಬರಬೇಕು. ಮರುದಿನ ಅಲ್ಲ.”

ಈಗ ದಿನಾ ಎದ್ದ ಕೂಡಲೇ ಬಿಳಿ ಗೋಡೆ ನೋಡುತ್ತೇನೆ. ಉಳಿದ ನಾಲ್ಕಾರು ಚುಕ್ಕೆಗಳನ್ನು ಎಣಿಸುತ್ತೇನೆ. ನಿನ್ನೆಯಷ್ಟೇ ಇದ್ದರೆ ಎದ್ದು ಹಲ್ಲು ತಿಕ್ಕುತ್ತೇನೆ. ಹೆದರಿಕೆ ಹೋಗಿಲ್ಲ.

ಎರಡು ತಿಂಗಳ ಮೇಲೆ ಮೊದಲ ಸಲ ಕೆರೆಗೆ ಹೋದೆ. ಹೋದ ವಾರದ ಮಾತು. ದಾದಾಪೀರ್ ಮುಂಚೆಯೇ ಬಂದು ಕೂತಿದ್ದರು. ನೋಟ್‌ಬುಕ್ ತೆಗೆದು ನೀರಿನ ಕಡೆ ನೋಡಿದೆ. ದೂರದಲ್ಲಿ ಕಪ್ಪಗೆ ಒಂದು ಕಾಣಿಸಿತು. ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಹೊರಬರಲಿಲ್ಲ. ಕಣ್ಣು ಹೊರಳಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ, ಒಳಗಿನದೋ ಹೊರಗಿನದೋ ಅಂತ. ಹೊರಳಿಸಲು ಧೈರ್ಯವಾಗಲಿಲ್ಲ.

“ದಾದಾಪೀರ್ ಭಾಯ್, ಅಲ್ಲಿ ಏನರ ಅದ ಏನ್ರಿ?”

ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ನೀರನ್ನು ನೋಡಿದರು, ಅವಸರ ಮಾಡಲಿಲ್ಲ.

“ಅದಾವ್ರಿ ಅಕ್ಕೋರ. ನೀರುಕಾಗಿ. ಎರಡು.”

“ಎರಡ?”

“ಹೂಂನ್ರಿ. ಇನ್ನೊಂದು ಅದರ ಎಡಕ್ಕ, ಸ್ವಲ್ಪ ಈ ಕಡೆ.”

ಮುಖ ತಿರುಗಿಸಿ ಹುಡುಕಿದೆ. ಮುಳುಗಿತ್ತೋ, ನನಗೇ ಕಾಣಲಿಲ್ಲವೋ, ಗೊತ್ತಿಲ್ಲ. ಕಾಯ್ದೆ. ನನಗೆ ಕಂಡದ್ದು ಒಂದೇ. ಇಷ್ಟು ವರ್ಷದಲ್ಲಿ ಇನ್ನೊಬ್ಬರು ಕಂಡದ್ದನ್ನು ನಾನು ಬರೆದವಳಲ್ಲ, ನಮ್ಮವರು ಕಂಡದ್ದನ್ನೂ ಬರೆದಿಲ್ಲ.

ಪೆನ್ನಿನ ಟೋಪಿ ತೆಗೆದೆ. ನೀರುಕಾಗೆ, ಎರಡು ಎಂದು ಬರೆದೆ.